ಹೂಚೆರ್ರಿಯ ತಳಿ ಉಳಿಸಿದ ಕಾಲಿಂಗ್‌ವುಡ್ ಇಂಗ್ರಾಂ

ಚೆರ್ರಿ ಎಂದರೆ ನಮ್ಮ ಕಡೆ ಬೇಕರಿಯಲ್ಲಿ ಕೇಕಿನ ಮೇಲೆ ಇಡುವ ಕೆಂಪು ಹಣ್ಣು ಎಂದೇ ಹೆಚ್ಚಿನವರಿಗೆ ಗೊತ್ತು. ಅದರಲ್ಲೂ ಬಹುಪಾಲು ನಮ್ಮ ಕವಳಿ ಹಣ್ಣೇ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಹಾಕಿ, ಬಣ್ಣ ಕೊಟ್ಟದ್ದು. ನಿಜವಾದ ಚೆರ್ರಿ ಮರ ತಂಪು ದೇಶದ್ದು. ಅದರಲ್ಲಿಯೂ ಹಣ್ಣಿಗಾಗಿ ಬೆಳೆಸುವುದು ಬೇರೆ, ಹೂವಿಗಾಗಿಯೇ ಬೆಳೆಸುವುದು ಬೇರೆ. ಹೂಚೆರ್ರಿಗೆ ಜಪಾನಿನಲ್ಲಿ ಸಕುರಾ ಎಂದು ಹೆಸರು. ಎಲೆ ಬರುವ ಮೊದಲೇ, ಇಲ್ಲವೇ ಎಲೆಯ ಜೊತೆಯಲ್ಲೇ, ಕೊಂಬೆ ಕಾಣದಷ್ಟು ಹೂ ಬಿಡುವ ಈ ಮರವನ್ನು ಈಗ ಚಿಕ್ಕದಾಗಿ ಕುಂಡದಲ್ಲಿ ಬೆಳೆಸುವ ರೂಢಿಯೂ ಬಂದಿದೆ. ನಮ್ಮ ಹಳ್ಳಿಗಳಿಂದ ಹೋಗಿ ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ ಮಕ್ಕಳ ಮನೆಯಂಗಳದಲ್ಲಿ ಇಂಥ ಕುಂಡ ನೋಡಿ ಬಂದ ತಂದೆತಾಯಿಗಳು, ಇದನ್ನು ಇಲ್ಲಿ ಬೆಳೆಸಬಹುದೇ ಎಂದು ಕೇಳುವುದುಂಟು. ಆ ಪ್ರಶ್ನೆಗೆ ಮುಂದೆ ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು, ಈ ಮರದ ತಳಿಗಳನ್ನು ಉಳಿಸಲು ಅರವತ್ತು ವರ್ಷ ದುಡಿದ ಒಬ್ಬರ ಜೀವನವನ್ನು ತಿಳಿಯುವುದು ಒಳ್ಳೆಯದು. ಕಸಿ ಕಟ್ಟುವ ರೈತರಿಗೆ ಅದರಲ್ಲಿ ಕಲಿಯುವುದು ಬಹಳ ಇದೆ.

ಕಾಲಿಂಗ್‌ವುಡ್ ಇಂಗ್ರಾಂ 1880ರ ಅಕ್ಟೋಬರ್ 30ರಂದು ಲಂಡನ್ನಿನಲ್ಲಿ ಹುಟ್ಟಿದರು. ಮನೆತನ ಸಿರಿವಂತರದು. ತಾತ ಹರ್ಬರ್ಟ್ ಇಂಗ್ರಾಂ ಅವರು ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಎಂಬ ಚಿತ್ರಪತ್ರಿಕೆಯನ್ನು ಸ್ಥಾಪಿಸಿದವರು. ತಂದೆ ಸರ್ ವಿಲಿಯಂ ಅದನ್ನು ನಡೆಸುತ್ತಿದ್ದರು. ಹುಡುಗ ಮಾತ್ರ ಆರೋಗ್ಯದಲ್ಲಿ ನಾಜೂಕು. ಆದ್ದರಿಂದ ಶಾಲೆಗೆ ಕಳಿಸದೆ ಮನೆಯಲ್ಲೇ ಪಾಠ ಹೇಳಿಸಿದರು. ಕೆಂಟ್ ಪ್ರಾಂತದ ಸಮುದ್ರ ತೀರದಲ್ಲಿ, ಹೊಲ ಗದ್ದೆ ಬೇಲಿಗಳ ನಡುವೆ ಸುತ್ತಾಡಿ ಅವರು ಕಲಿತದ್ದು ಹಕ್ಕಿಗಳ ವಿಷಯ. ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಯಾವುದು ಯಾವ ತಿಂಗಳು ಬರುತ್ತದೆ ಎಂಬುದನ್ನು ಬರೆದಿಡುವ ಅಭ್ಯಾಸ ಚಿಕ್ಕಂದಿನಲ್ಲೇ ಬಂತು. ಪಟ್ಟವಿಲ್ಲ, ಪದವಿಯಿಲ್ಲ. ನೋಡುವುದು, ಬರೆದಿಡುವುದು, ಚಿತ್ರ ಬಿಡಿಸುವುದು, ಇಷ್ಟೇ ಅವರ ವಿದ್ಯೆ.

ಜಪಾನಿಗೆ ಅವರು ಮೊದಲು ಹೋದದ್ದು 1902ರಲ್ಲಿ, ಮತ್ತೆ 1907ರಲ್ಲಿ. ಎರಡು ಸಲವೂ ಚೆರ್ರಿಗಾಗಿ ಹೋದದ್ದಲ್ಲ, ಹಕ್ಕಿಗಳಿಗಾಗಿ. ಮೊದಲನೆಯ ಮಹಾಯುದ್ಧದಲ್ಲಿ ವಿಮಾನದಳಕ್ಕೆ ಸೇರಿ, ಫ್ರಾನ್ಸಿನಲ್ಲಿ ವಿಮಾನಗಳ ದಿಕ್ಸೂಚಿ ಸರಿಪಡಿಸುವ ಅಧಿಕಾರಿಯಾಗಿದ್ದರು. ಅಲ್ಲಿಯೂ ಬಿಡುವಾದಾಗ, ಹಾರಾಟದಿಂದ ಇಳಿದ ಪೈಲಟ್‌ಗಳನ್ನು ಹಿಡಿದು, ಮೇಲೆ ಎಷ್ಟು ಎತ್ತರದಲ್ಲಿ ಯಾವ ಹಕ್ಕಿ ಕಂಡಿತು ಎಂದು ವಿಚಾರಿಸುತ್ತಿದ್ದರು.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಹೆಂಡತಿ ಮಕ್ಕಳೊಡನೆ ಕೆಂಟ್ ಪ್ರಾಂತದ ಬೆನೆಂಡನ್ ಎಂಬ ಹಳ್ಳಿಯಲ್ಲಿ ದೊಡ್ಡ ಮನೆ ಕೊಂಡರು. ಮನೆಯ ಹೆಸರು ದಿ ಗ್ರೇಂಜ್. ಸುತ್ತಲ ಜಮೀನು ಹೆಚ್ಚೇನೂ ಹದಗೊಂಡಿರಲಿಲ್ಲ. ಅದರಲ್ಲಿ ಯಾರೋ ಹಿಂದಿನವರು ನೆಟ್ಟ ಎರಡು ಜಪಾನಿ ಚೆರ್ರಿ ಮರಗಳು ಬಲಿತು ನಿಂತಿದ್ದವು. ಮರುವರ್ಷದ ವಸಂತದಲ್ಲಿ ಅವು ಹೂ ಬಿಟ್ಟವು. ಆಗ ಇಂಗ್ರಾಂ ಅವರಿಗೆ ನಲವತ್ತರ ಹತ್ತಿರದ ವಯಸ್ಸು. ಹಕ್ಕಿ ಶಾಸ್ತ್ರದಲ್ಲಿ ಆ ಹೊತ್ತಿಗೆ ಬಹಳ ಜನ ಕೈ ಹಾಕಿದ್ದರು. ಹೊಸದಾಗಿ ಹೇಳಲು ಹೆಚ್ಚು ಉಳಿದಿಲ್ಲ ಎಂದು ಅವರಿಗೆ ಅನಿಸಿತ್ತು. ಆ ಎರಡು ಮರಗಳನ್ನು ನೋಡಿ, ಇನ್ನು ಮುಂದೆ ಚೆರ್ರಿಯೇ ತನ್ನ ಕೆಲಸ ಎಂದು ನಿಶ್ಚಯಿಸಿದರು. ನಲವತ್ತಕ್ಕೆ ಹೊಸ ಬೆಳೆ ಹಿಡಿಯಲು ನಮ್ಮಲ್ಲಿ ಹಿಂದೆಗೆಯುವವರು ಬಹಳ. ಅವರಾದರೋ ಆ ಮೇಲೆ ಇನ್ನೂ ಅರವತ್ತು ವರ್ಷ ಅದನ್ನೇ ಮಾಡಿದರು.

ಸಸಿಗಾಗಿ ನರ್ಸರಿಗಳಿಗೆ ಬರೆದರು, ಪರಿಚಯದವರ ತೋಟಗಳಿಗೆ ಹೋಗಿ ಕುಡಿ ಬೇಡಿದರು, ಜಪಾನಿಗೆ ಪತ್ರ ಹಾಕಿ ತರಿಸಿದರು. ಕೆಲವೇ ವರ್ಷಗಳಲ್ಲಿ ಬೆನೆಂಡನ್ನಿನ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಚೆರ್ರಿಗಳು ಬೆಳೆಯತೊಡಗಿದವು. ಜನ ಅವರನ್ನು ಚೆರ್ರಿ ಇಂಗ್ರಾಂ ಎಂದೇ ಕರೆಯತೊಡಗಿದರು.

ಸಸೆಕ್ಸ್‌ನ ಒಣಗುತ್ತಿದ್ದ ಮರ

1923ರಲ್ಲಿ ಪಕ್ಕದ ಸಸೆಕ್ಸ್ ಪ್ರಾಂತದ ಒಬ್ಬ ಹೆಂಗಸಿನ ತೋಟದಲ್ಲಿ ಒಂದು ವಿಚಿತ್ರವಾದ ಬಿಳಿ ಚೆರ್ರಿ ಅವರ ಕಣ್ಣಿಗೆ ಬಿತ್ತು. ಜಪಾನಿನಿಂದ ತರಿಸಿದ ಮರ ಅದು. ಸ್ಥಿತಿ ಬಹಳ ಕೆಟ್ಟಿತ್ತು; ಹೆಚ್ಚಿನ ಭಾಗ ಒಣಗಿ, ಅಲ್ಲೊಂದು ಇಲ್ಲೊಂದು ಕೊಂಬೆಯಲ್ಲಿ ಮಾತ್ರ ಜೀವ. ಆದರೆ ಬಿಟ್ಟ ಹೂ ಅವರು ಅದುವರೆಗೆ ಕಂಡಿದ್ದ ಬಿಳಿ ಚೆರ್ರಿಗಳಿಗಿಂತ ದೊಡ್ಡದು. ಒಂದೊಂದು ಹೂವೂ ಸುಮಾರು ಆರು ಸೆಂಟಿಮೀಟರ್ ಅಗಲ, ಒಂದೇ ಸುತ್ತು ಎಸಳು, ಹಾಲಿನಂಥ ಬಿಳುಪು. ಜೊತೆಗೆ ಬರುವ ಎಳೆ ಚಿಗುರಿಗೆ ತಾಮ್ರದ ಬಣ್ಣ. ಇದು ಯಾವ ತಳಿ ಎಂದು ಯಾರಿಗೂ ತಿಳಿಯದು. ಇಂಗ್ರಾಂ ಕುಡಿ ಕೇಳಿ ಪಡೆದು, ಮನೆಗೆ ತಂದು ಕಸಿ ಮಾಡಿದರು. ಕಸಿ ಹಿಡಿಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹೂಚೆರ್ರಿಯ ಒಳ್ಳೆಯ ತಳಿಗಳನ್ನು ಬೀಜದಿಂದ ಉಳಿಸಿಕೊಳ್ಳಲು ಬರುವುದಿಲ್ಲ. ಮುದ್ದೆ ಹೂವಿನ ಹಲವು ತಳಿಗಳು ಬೀಜವನ್ನೇ ಕಟ್ಟುವುದಿಲ್ಲ. ಕಟ್ಟಿದ ಬೀಜದಿಂದ ಬಂದ ಸಸಿ ತಾಯಿಯ ಹಾಗೆ ಇರುವುದಿಲ್ಲ. ಆಪೂಸು ಮಾವಿನ ಓಟೆ ಹಾಕಿದರೆ ಹುಟ್ಟುವ ಗಿಡ ಅದೇ ಹಣ್ಣು ಕೊಡುತ್ತದೆಂಬ ಭರವಸೆ ಹೇಗಿಲ್ಲವೋ ಹಾಗೆ. ಕುಡಿ ಕಡಿದು ಬೇರುಸಸಿಯ ಮೇಲೆ ಕೂಡಿಸಿದರೆ ಮಾತ್ರ ತಳಿ ಮುಂದುವರಿಯುತ್ತದೆ. ಇಂಗ್ಲೆಂಡಿನಲ್ಲಿ ಬೇರುಸಸಿಯಾಗಿ ಅಲ್ಲಿನ ಕಾಡುಚೆರ್ರಿಯನ್ನು ಬಳಸುತ್ತಾರೆ. ಅಂದರೆ, ಕಸಿ ಮಾಡುವ ಕೈ ನಿಂತ ದಿನ, ಉಳಿದ ಕೊನೆಯ ಮರ ಒಣಗಿದ ದಿನ, ಆ ತಳಿ ಲೋಕದಿಂದಲೇ ಹೋಯಿತು. ಸಸೆಕ್ಸ್‌ನ ಆ ಮರ ಅಂಥ ಅಂಚಿನಲ್ಲಿತ್ತು. ಎಷ್ಟು ಅಂಚಿನಲ್ಲಿತ್ತು ಎಂಬುದು ಇಂಗ್ರಾಂ ಅವರಿಗೂ ಮೂರು ವರ್ಷ ತಿಳಿಯಲಿಲ್ಲ.

1926ರಲ್ಲಿ ಅವರು ಮೂರನೆಯ ಸಲ ಜಪಾನಿಗೆ ಹೋದರು. ಈ ಸಲ ಚೆರ್ರಿಗಾಗಿಯೇ. ಅಲ್ಲಿನ ಚೆರ್ರಿ ಸಂಘದವರ ಮುಂದೆ ಮಾತನಾಡಲು ಅವರನ್ನು ಕರೆದಿದ್ದರು. ಚೆರ್ರಿಯ ತವರಿನವರಿಗೆ ಹೊರಗಿನವರೊಬ್ಬರು ಚೆರ್ರಿಯ ಬಗ್ಗೆ ಹೇಳುವುದು! ಆದರೆ ಅವರು ಅಲ್ಲಿ ಕಂಡದ್ದು ಸಂತೋಷ ಕೊಡುವಂಥದ್ದಾಗಿರಲಿಲ್ಲ. ಹಿಂದೆ ಟೋಕಿಯೋಗೆ ಎಡೋ ಎಂಬ ಹೆಸರಿದ್ದ ಕಾಲದಲ್ಲಿ, ಪಾಳೆಯಗಾರರ ಮನೆಗಳ ತೋಟಗಳಲ್ಲಿ ಬಗೆಬಗೆಯ ಚೆರ್ರಿಗಳಿದ್ದವು. 1868ರಲ್ಲಿ ಆಡಳಿತ ಬದಲಾದ ಮೇಲೆ ಆ ತೋಟಗಳು ಹಾಳಾದವು. ಕೆಲವು ತೋಟಗಾರರು ಕಷ್ಟಪಟ್ಟು ತಳಿಗಳನ್ನು ಕೂಡಿಹಾಕಿದ್ದರಿಂದ, 1886ರಲ್ಲಿ ಟೋಕಿಯೋ ಬಳಿಯ ಅರಕಾವಾ ನದಿಯ ಏರಿಯ ಮೇಲೆ 78 ಬಗೆ ನೆಡುವುದು ಸಾಧ್ಯವಾಯಿತು. 1912ರಲ್ಲಿ ಜಪಾನು ಅಮೆರಿಕದ ವಾಷಿಂಗ್ಟನ್ನಿಗೆ ಉಡುಗೊರೆ ಕೊಟ್ಟ 3,020 ಸಸಿಗಳ ಕುಡಿಗಳೂ ಆ ಏರಿಯವೇ. (ಅದಕ್ಕೂ ಮೊದಲು ಕಳಿಸಿದ್ದ ಎರಡು ಸಾವಿರ ಗಿಡಗಳಲ್ಲಿ ಕೀಟ, ಜಂತು ಇದ್ದುದರಿಂದ 1910ರಲ್ಲಿ ಅಮೆರಿಕದವರು ಅಷ್ಟನ್ನೂ ಸುಟ್ಟರು. ಸಸಿ ತರುವಾಗ ರೋಗ ತರಬಾರದೆಂಬ ಕಟ್ಟುನಿಟ್ಟು ಅಷ್ಟು.)

ಇಂಗ್ರಾಂ ನೋಡುವ ಹೊತ್ತಿಗೆ ಆ ಏರಿಯ ಮರಗಳು ಕಾರ್ಖಾನೆಗಳ ಹೊಗೆಗೆ ಸೊರಗುತ್ತಿದ್ದವು. ಹೊಸದಾಗಿ ನೆಡುವವರು ಸೊಮೆಯಿ ಯೊಶಿನೊ ಎಂಬ ಒಂದೇ ತಳಿಯನ್ನು ಊರೂರಲ್ಲಿ, ಶಾಲೆ, ದೇವಸ್ಥಾನ, ಹೊಳೆ ದಂಡೆಯಲ್ಲೆಲ್ಲ ನೆಡುತ್ತಿದ್ದರು. ಅದು ಬೇಗ ಬೆಳೆಯುತ್ತದೆ, ಅಗ್ಗ, ಎಲ್ಲ ಮರಗಳೂ ಒಂದೇ ವಾರದಲ್ಲಿ ಒಟ್ಟಿಗೆ ಹೂ ಬಿಟ್ಟು ಒಟ್ಟಿಗೆ ಉದುರಿಸುತ್ತವೆ. ಒಂದೇ ಮೂಲದಿಂದ ಕಸಿಯಾದವು. ಒಂದಕ್ಕೆ ಬಂದದ್ದು ಎಲ್ಲಕ್ಕೂ. ಹೀಗೇ ನಡೆದರೆ ಉಳಿದ ತಳಿಗಳು ಕಾಣೆಯಾಗುತ್ತವೆ ಎಂದು ಇಂಗ್ರಾಂ ಸಂಘದವರಿಗೆ ನೇರವಾಗಿ ತಿಳಿಸಿದರು. ಅತಿಥಿಯಾಗಿ ಹೋದವರು ಹೊಗಳಿ ಬರುವುದು ರೂಢಿ. ಅವರು ಹಾಗೆ ಮಾಡಲಿಲ್ಲ.

ಅದೇ ಪ್ರವಾಸದಲ್ಲಿ ಅರಕಾವಾ ಮರಗಳನ್ನು ವರ್ಷಗಟ್ಟಲೆ ಕಾಯ್ದುಕೊಂಡು ಬಂದಿದ್ದ ಫುನಾತ್ಸು ಎಂಬ ವೃದ್ಧರ ಮನೆಗೆ ಹೋದರು. ಅವರ ಬಳಿ ಹಳೆಯ ತಳಿಗಳ ಚಿತ್ರಗಳಿದ್ದವು. ಸುರುಳಿ ಬಿಚ್ಚುತ್ತ ಒಂದು ದೊಡ್ಡ ಬಿಳಿ ಹೂವಿನ ಚಿತ್ರ ಬಂತು. ಮುತ್ತಾತನ ಕಾಲದ್ದು, ನೂರು ವರ್ಷಕ್ಕೂ ಹಳೆಯದು. ಈ ಚೆರ್ರಿ ಹಿಂದೆ ಕ್ಯೋಟೋ ಕಡೆ ಇತ್ತಂತೆ, ಎಷ್ಟು ಹುಡುಕಿದರೂ ಈಗ ಸಿಗುತ್ತಿಲ್ಲ ಎಂದು ಹಿರಿಯರು ವಿವರಿಸಿದರು. ಇಂಗ್ರಾಂ ಚಿತ್ರ ನೋಡಿದ ಕೂಡಲೇ ಗುರುತು ಹಿಡಿದರು. ಅದು ಸಸೆಕ್ಸ್‌ನ ಮರ. ಅದರ ಕಸಿಗಳು ಬೆನೆಂಡನ್ನಿನ ತಮ್ಮ ತೋಟದಲ್ಲಿ ಬೆಳೆಯುತ್ತಿವೆ ಎಂದು ಅವರು ಹೇಳಿದಾಗ, ಫುನಾತ್ಸು ಅವರಿಗೆ ನಂಬಲು ಕಷ್ಟವಾಯಿತು. ಸಾವಿರಾರು ಮೈಲಿ ದೂರದಿಂದ ಬಂದವರು, ತಮ್ಮ ಮನೆಯಲ್ಲಿ ಕುಳಿತು, ತಮ್ಮ ಮುತ್ತಾತ ಬರೆದ ಹೂವು ನನ್ನ ಹಿತ್ತಲಲ್ಲಿದೆ ಎಂದರೆ ಯಾರಾದರೂ ಸುಲಭವಾಗಿ ನಂಬುವರೇ?

ಈ ತಳಿಗೆ ತೈಹಾಕು ಎಂದು ಹೆಸರಾಯಿತು. ದೊಡ್ಡ ಬಿಳಿ ಎಂದು ಅರ್ಥ. ನಾವಾದರೆ ಮಹಾಶ್ವೇತ ಎನ್ನಬಹುದು.

ಆಲೂಗಡ್ಡೆಯಲ್ಲಿ ನೆಟ್ಟ ಕುಡಿ

ಮರ ಇದೆ ಎಂದು ಹೇಳಿದ್ದಾಯಿತು. ತವರಿಗೆ ಕಳಿಸುವುದು ಹೇಗೆ? ಆ ಕಾಲದಲ್ಲಿ ಇಂಗ್ಲೆಂಡಿನಿಂದ ಜಪಾನಿಗೆ ಹಡಗಿನ ದಾರಿ ವಾರಗಟ್ಟಲೆಯದು. ಕೆಂಪು ಸಮುದ್ರ, ಹಿಂದೂ ಮಹಾಸಾಗರದ ಸೆಕೆಯಲ್ಲಿ ಹಾದುಹೋಗಬೇಕು. ಇಂಗ್ಲೆಂಡಿನ ಚಳಿಯಲ್ಲಿ ನಿದ್ದೆ ಹೋದ ಕುಡಿಯನ್ನು ಕಡಿದು ಕಳಿಸಿದರೆ, ದಾರಿಯ ಸೆಕೆಗೆ ಕಣ್ಣು ಎಚ್ಚರಾಗಿ ಒಡೆಯುತ್ತದೆ. ಬೇರಿಲ್ಲದ ಕುಡಿ ಚಿಗುರಿದರೆ ಸತ್ತಂತೆ. ನೀರು ಆರಿದರೆ ಒಣಗುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಇಂಗ್ರಾಂ ಕಳಿಸಿದರು, ಕೆಟ್ಟವು. ಮತ್ತೆ ಕಳಿಸಿದರು, ಮತ್ತೆ ಕೆಟ್ಟವು. ಚಳಿಗಾಲ ಬಂದಾಗ ಮಾತ್ರ ಕುಡಿ ಸಿಗುವುದು, ಆದ್ದರಿಂದ ಒಂದು ಸಲ ತಪ್ಪಿದರೆ ಒಂದು ವರ್ಷ ಹೋಯಿತು.

ಕೊನೆಗೆ ಎರಡು ಬದಲಾವಣೆ ಮಾಡಿದರು. ಒಂದು, ಕುಡಿಗಳ ಕತ್ತರಿಸಿದ ತುದಿಯನ್ನು ಆಲೂಗಡ್ಡೆಯಲ್ಲಿ ಚುಚ್ಚಿದರು. ಎರಡು, ಹಡಗು ಬಿಟ್ಟು ಸೈಬೀರಿಯಾ ರೈಲಿನಲ್ಲಿ ಕಳಿಸಿದರು. ಆಲೂಗಡ್ಡೆ ತನ್ನೊಳಗಿನ ತೇವವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ತುದಿ ಆರುವುದಿಲ್ಲ, ನೀರಿನಲ್ಲಿ ನೆನೆದು ಕೊಳೆಯುವುದೂ ಇಲ್ಲ. ಸೈಬೀರಿಯಾದ ಚಳಿ ಕುಡಿಯ ನಿದ್ದೆ ಕೆಡದಂತೆ ಕಾಯಿತು. ಕ್ಯೋಟೋದಲ್ಲಿ ವಂಶಪಾರಂಪರ್ಯವಾಗಿ ತೋಟದ ಕೆಲಸ ಮಾಡುತ್ತಿದ್ದ ಸಾನೋ ಮನೆತನದವರು ಅವನ್ನು ಕಸಿ ಮಾಡಿದರು. 1932ರ ಹೊತ್ತಿಗೆ ತೈಹಾಕು ಮತ್ತೆ ಜಪಾನಿನ ಮಣ್ಣಿನಲ್ಲಿ ಬದುಕಿತ್ತು.

ನಮ್ಮಲ್ಲಿ ಮಾವಿನ ಕುಡಿ ದೂರದ ಊರಿಂದ ತರುವವರು ಇದರಲ್ಲಿನ ಮರ್ಮವನ್ನು ಗಮನಿಸಬೇಕು. ಕುಡಿ ಕಡಿದ ಕೂಡಲೇ ಎಲೆ ಸವರಿ, ಒದ್ದೆ ಬಟ್ಟೆ ಹಿಂಡಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ತರಬೇಕು. ನೀರು ತೊಟ್ಟಿಕ್ಕುವ ಬಟ್ಟೆ ಬೇಡ. ಬಸ್ಸಿನ ಮೇಲೆ ಹಾಕಿ ತಂದ ಕುಡಿ ಹಿಡಿಯಲಿಲ್ಲವೆಂದು ಕಸಿ ಕಟ್ಟಿದವನನ್ನು ಬೈದು ಪ್ರಯೋಜನವಿಲ್ಲ.

ಇಂಗ್ರಾಂ ಉಳಿಸಿದ್ದಷ್ಟೇ ಅಲ್ಲ, ಹೊಸ ತಳಿಗಳನ್ನೂ ಮಾಡಿದರು. ತೈವಾನ್ ಕಡೆಯ ಗಂಟೆ ಹೂವಿನ ಚೆರ್ರಿಗೆ ಬಣ್ಣ ಚೆನ್ನ, ಆದರೆ ಇಂಗ್ಲೆಂಡಿನ ಚಳಿ ತಡೆಯದು. ಜಪಾನಿನ ಫುಜಿ ಪರ್ವತದ ಸುತ್ತ ಬೆಳೆಯುವ ಫುಜಿ ಚೆರ್ರಿ ಗಿಡ್ಡ, ಗಟ್ಟಿ, ಚಿಕ್ಕ ಹೂವು. ಇವೆರಡನ್ನು ಕೂಡಿಸಿ ಅವರು ಓಕಮೆ ಎಂಬ ಮಿಶ್ರತಳಿ ತಂದರು; ಗುಲಾಬಿ ಹೂವು, ಚಿಕ್ಕ ಮರ, ವಸಂತದ ಮೊದಲಲ್ಲೇ ಹೂ. ಬಿಳಿ ಹೂವಿನ ಉಮಿನೆಕೊ ಇನ್ನೊಂದು. ಮೂರನೆಯದು ಕುರ್ಸಾರ್. ಕುರಿಲ್ ಚೆರ್ರಿಗೂ ಸಾರ್ಜೆಂಟ್ ಚೆರ್ರಿಗೂ ಹುಟ್ಟಿದ್ದು ಎಂದುಕೊಂಡು ಎರಡರ ಮೊದಲಕ್ಷರ ಸೇರಿಸಿ ಇಟ್ಟ ಹೆಸರು ಅದು. ಆಮೇಲೆ ಗಂಡು ಸಾರ್ಜೆಂಟ್ ಅಲ್ಲ, ಅದೇ ತೈವಾನಿನದು ಎಂದು ತಿಳಿಯಿತು. ಹೆಸರು ಮಾತ್ರ ಹಾಗೇ ಉಳಿದಿದೆ.

ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡೂ ಜಪಾನೂ ಶತ್ರುಗಳಾದವು. ಅರವತ್ತು ದಾಟಿದ ಇಂಗ್ರಾಂ ಹಳ್ಳಿಯ ಕಾವಲು ಪಡೆಯ ಮುಖ್ಯಸ್ಥರಾಗಿ ಕೆಲಸ ಮಾಡಿದರು. ಜಪಾನಿನಲ್ಲಿ ಸೈನ್ಯದವರು ಸಕುರಾ ಉದುರುವಂತೆ ಪ್ರಾಣ ಬಿಡಬೇಕೆಂದು ಎಳೆಯರಿಗೆ ಬೋಧಿಸಿದರು. ಹೂವನ್ನು ಸಾವಿನ ಗುರುತಾಗಿ ಮಾಡಿದರು. ಅರಕಾವಾ ಏರಿಯ ಆ ಹಳೆಯ ಸಾಲು ಆ ವರ್ಷಗಳಲ್ಲಿ ನಶಿಸಿತು. ಬೆನೆಂಡನ್ನಿನ ಮರಗಳು ಮಾತ್ರ ಎಂದಿನಂತೆ ಹೂ ಬಿಟ್ಟವು. 1948ರಲ್ಲಿ ತಮ್ಮ ಅನುಭವವನ್ನೆಲ್ಲ ಅವರು ಹೂಚೆರ್ರಿಗಳ ಮೇಲಿನ ಒಂದು ಪುಸ್ತಕವಾಗಿ ಪ್ರಕಟಿಸಿದರು.

ಕುಂಡದಲ್ಲಿ ಬೆಳೆಸುವವರಿಗೆ

ಈಗ ಮೊದಲಿನ ಪ್ರಶ್ನೆ. ತೈಹಾಕು ದೊಡ್ಡ ಮರ, ಕುಂಡಕ್ಕೆ ಹೇಳಿದ್ದಲ್ಲ. ಇಂಗ್ರಾಂ ಮೆಚ್ಚಿ ಬಳಸಿದ ಫುಜಿ ಚೆರ್ರಿಯ ಕುಲವೇ ಕುಂಡಕ್ಕೆ ಯೋಗ್ಯ. ಅದರ ಕೋಜೋ ನೊ ಮೈ ಎಂಬ ಗಿಡ್ಡ ತಳಿಯನ್ನು ತಂಪು ದೇಶಗಳಲ್ಲಿ ಮನೆ ಮುಂದೆ ಬಹಳ ಜನ ಇಡುತ್ತಾರೆ. ಓಕಮೆಯೂ ದೊಡ್ಡ ಕುಂಡದಲ್ಲಿ ಕೆಲವು ವರ್ಷ ಬಾಳುತ್ತದೆ.

ಕುಂಡ ಒಂದೂವರೆ ಅಡಿ ಅಗಲಕ್ಕೆ ಕಡಿಮೆ ಇರಬಾರದು. ತಳದಲ್ಲಿ ತೂತು ಬೇಕೇ ಬೇಕು. ನೀರು ನಿಂತರೆ ಚೆರ್ರಿ ಬೇರು ಕೊಳೆತು ಕಾಂಡದಿಂದ ಅಂಟು ಸೋರುತ್ತದೆ. ಒಳ್ಳೆಯ ಗೋಡುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಸಾಕು. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಕಾಣುತ್ತಿರಬೇಕು. ಗಂಟಿನ ಕೆಳಗಿಂದ ಬರುವ ಚಿಗುರು ಕಾಡುಚೆರ್ರಿಯದು. ಕಂಡ ಕೂಡಲೇ ಕಿತ್ತುಹಾಕಬೇಕು, ಬಿಟ್ಟರೆ ಮೇಲಿನ ತಳಿಯನ್ನೇ ನುಂಗುತ್ತದೆ.

ಹೂ ಬಿಟ್ಟು ಮುಗಿದ ಮೇಲೆ ಗಿಡವನ್ನು ಮರೆಯುವುದೇ ಹೆಚ್ಚು ಜನ ಮಾಡುವ ತಪ್ಪು. ಮುಂದಿನ ವರ್ಷದ ಮೊಗ್ಗು ಕಟ್ಟುವುದು ಈ ವರ್ಷದ ಬೇಸಿಗೆಯಲ್ಲಿ. ಆಗ ಕುಂಡ ಒಣಗಿದರೆ ಮುಂದೆ ಹೂವಿಲ್ಲ. ಬೇಸಿಗೆಯಲ್ಲಿ ದಿನಕ್ಕೊಮ್ಮೆ ಬೆರಳಿಟ್ಟು ಮಣ್ಣು ನೋಡಿ ನೀರು ಕೊಡಬೇಕು. ಎಲೆ ಮುದುಡಿದರೆ ತಿರುಗಿಸಿ ನೋಡಿ. ಕಪ್ಪು ಹೇನು ಇದ್ದರೆ ಸಾಬೂನಿನ ನೀರು ಸಾಕು. ಕೊಂಬೆ ಸವರುವುದು ಹೂ ಮುಗಿದ ಮೇಲೆ, ನಡುಬೇಸಿಗೆಯೊಳಗೆ. ಚಳಿಗಾಲದಲ್ಲಿ ಕಡಿದರೆ ಗಾಯದ ಮೂಲಕ ಬೆಳ್ಳಿ ಎಲೆ ರೋಗದ ಶಿಲೀಂಧ್ರ ಒಳಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಎಲೆ ಉದುರಿ ಗಿಡ ನಿದ್ದೆಯಲ್ಲಿರುವಾಗ, ಹೊರಸುತ್ತಿನ ಬೇರು ಸ್ವಲ್ಪ ಸವರಿ ಹೊಸ ಮಣ್ಣು ಕೊಡಬೇಕು. ಚಳಿಗಾಲದಲ್ಲಿ ಪಾಪವೆಂದು ಕುಂಡವನ್ನು ಮನೆಯೊಳಗೆ ಬೆಚ್ಚಗೆ ಇಡಬಾರದು. ಅದಕ್ಕೆ ಚಳಿ ಬೇಕು. ಕಡು ಹಿಮದಲ್ಲಿ ಕುಂಡಕ್ಕೆ ಗೋಣಿ ಸುತ್ತಿದರೆ ಬೇರು ಉಳಿಯುತ್ತದೆ. ಮೊಗ್ಗು ಉಬ್ಬುವಾಗ ಇಂಗ್ಲೆಂಡಿನಲ್ಲಿ ಬುಲ್‌ಫಿಂಚ್ ಎಂಬ ಹಕ್ಕಿ ಬಂದು ಒಂದೊಂದಾಗಿ ಕಿತ್ತು ತಿನ್ನುತ್ತದೆ. ಹಕ್ಕಿ ಪ್ರೇಮಿಯಾಗಿದ್ದವರು ಚೆರ್ರಿ ಬೆಳೆಗಾರರಾದರೆ ಎಂಥ ಇಕ್ಕಟ್ಟು ನೋಡಿ.

ನಮ್ಮ ಬಯಲುಸೀಮೆಯಲ್ಲಿ ಈ ಗಿಡ ಹೂ ಬಿಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಜಪಾನಿ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಅದಿಲ್ಲದೆ ಕಣ್ಣು ಒಡೆಯದೆ ಗಿಡ ಸೊರಗುತ್ತದೆ. ಬೆಂಗಳೂರಿನ ಚೆರ್ರಿ ಹೂ ಎಂದು ಚಿತ್ರ ತೋರಿಸಿ ಸಸಿ ಮಾರುವವರಿದ್ದಾರೆ. ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದಲ್ಲಿ ಅರಳುವುದು ಟಬೂಬಿಯಾ, ದಕ್ಷಿಣ ಅಮೆರಿಕ ಕಡೆಯ ಮರ. ಚೆರ್ರಿಗೆ ನೆಂಟತನವೂ ಇಲ್ಲ. ದುಡ್ಡು ಕೊಡುವ ಮೊದಲು ಕೇಳಿ. ನಮ್ಮ ದೇಶದ್ದೇ ಆದ ಚೆರ್ರಿ ಹಿಮಾಲಯದ ಸಾಲಿನಲ್ಲೂ ಶಿಲ್ಲಾಂಗ್ ಕಡೆಯೂ ಇದೆ. ಅಲ್ಲಿ ನವೆಂಬರ್ ಸುಮಾರಿಗೆ ಹೂ ಬಿಡುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಪದ್ಮಕ ಎಂದು ಸಿಗುವ ಚಕ್ಕೆ ಅದರದೇ. ಇಂಗ್ರಾಂ ಓಕಮೆಗೆ ಬಳಸಿದ ತೈವಾನಿನ ಚೆರ್ರಿ ಈ ಪದ್ಮಕಕ್ಕೆ ತೀರ ಹತ್ತಿರದ ನೆಂಟ.

ದನಕರು ಇರುವ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಚೆರ್ರಿ ಕುಲದ ಗಿಡಗಳ ಬಾಡಿದ ಎಲೆಯಲ್ಲಿ ಸಯನೈಡ್ ವಿಷ ಏಳುತ್ತದೆ, ಎಳೆ ಜೋಳದ ಪೈರಿನಲ್ಲಿ ಏಳುವ ಹಾಗೆಯೇ. ಸವರಿದ ಕೊಂಬೆಗಳನ್ನು ಆಡು ದನಗಳಿಗೆ ಸಿಗುವಂತೆ ಎಸೆಯಬಾರದು.

ಇಂಗ್ರಾಂ ನೂರು ವರ್ಷ ತುಂಬಿಸಿ, 1981ರ ಮೇ 19ರಂದು ತೀರಿಕೊಂಡರು. ಸಸೆಕ್ಸ್‌ನಿಂದ ಬಂದ ತಳಿಯನ್ನು ಅವರು ಬದುಕಿದ್ದಾಗಲೇ ಕೇಳಿದವರಿಗೆಲ್ಲ, ನರ್ಸರಿಗಳಿಗೂ, ಹಂಚಿದ್ದರು. ತಮ್ಮ ತೋಟದಲ್ಲಿ ಮಾತ್ರ ಇರಲಿ ಎಂದು ಇಟ್ಟುಕೊಳ್ಳಲಿಲ್ಲ. ಇಂಗ್ಲೆಂಡಿನ ಉತ್ತರದ ಆಲ್ನಿಕ್ ಎಂಬಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ತೈಹಾಕು ಮರಗಳ ಒಂದು ತೋಪು ಇದೆ. ಏಪ್ರಿಲ್ ಕೊನೆಯ ಹೊತ್ತಿಗೆ ಎರಡು ವಾರ ಅಲ್ಲಿ ತೋಪೆಲ್ಲ ಬಿಳಿ. ಅವುಗಳ ವಂಶ ಹಿಡಿದು ಹಿಂದೆ ಹೋದರೆ, 1923ರಲ್ಲಿ ಒಣಗುತ್ತ ನಿಂತಿದ್ದ ಸಸೆಕ್ಸ್‌ನ ಆ ಒಂದೇ ಮರಕ್ಕೆ ಹೋಗಿ ಮುಟ್ಟುತ್ತದೆ.